ಹೂದೋಟದಲ್ಲಿ ಕೊಲೆ, ಕಾನಿನಲ್ಲಿ ಪ್ರೇಮ

ಕನ್ನಡ ಚಿತ್ರಗಳನ್ನು ನೋಡುತ್ತ ಬೆಳೆದವರಿಗೆ ಉದ್ಯಾನವೆಂದರೆ ಹಾಡು. ಲಾಲ್‌ಬಾಗಿನ ಗಾಜಿನಮನೆ ತೆರೆಯ ಮೇಲೆ ಕಾಣಿಸಿತೆಂದರೆ ನಾಯಕ, ನಾಯಕಿಯರು ಎರಡು ದಿಕ್ಕಿನಿಂದ ಓಡಿ ಬರುವುದು ಖಾತ್ರಿ. ಬೃಂದಾವನದ ಕಾರಂಜಿ ಚಿಮ್ಮಿತೆಂದರೆ ಕೊನೆಯ ಚರಣ ಮುಗಿಯುವ ತನಕ ಕಥೆ ಮುಂದಕ್ಕೆ ಹೋಗುವುದಿಲ್ಲ. ಆದರೆ ಜಗತ್ತಿನ ಪತ್ತೇದಾರಿ ಚಿತ್ರಗಳಲ್ಲಿ ಉದ್ಯಾನಕ್ಕೆ ವಹಿಸಿರುವ ಕೆಲಸವೇ ಬೇರೆ. ಅಲ್ಲಿ ಹೂವಿನ ಪಾತಿ ಕಂಡರೆ ಅದರ ಅಡಿಯಲ್ಲಿ ಏನನ್ನು ಹೂಳಲಾಗಿದೆ ಎಂದು ಪ್ರೇಕ್ಷಕ ಕೇಳಿಕೊಳ್ಳುತ್ತಾನೆ. ಗಾಜಿನಮನೆ ಕಂಡರೆ ಅದರೊಳಗೆ ಯಾರು ಅಡಗಿದ್ದಾರೆ ಎಂದು ಇಣುಕುತ್ತಾನೆ.

ಈ ವ್ಯತ್ಯಾಸವನ್ನು ಅಭಿರುಚಿಯ ಭೇದವೆಂದು ಹೇಳಿ ಬಿಟ್ಟುಬಿಡಬಹುದಿತ್ತು. ಆದರೆ ಭಟ್ಕಳ, ಹೊನ್ನಾವರ, ಕುಮಟಾ ತಾಲೂಕುಗಳ ಕರಾವಳಿಗೂ ಈ ವಿಷಯಕ್ಕೂ ಒಂದು ವಿಚಿತ್ರ ಸಂಬಂಧವಿದೆ. ಭಾರತದ ಅಪರಾಧ ಚಿತ್ರಗಳಿಗೆ ಹೊಸ ರೂಪ ಕೊಟ್ಟ ಇಬ್ಬರು ನಿರ್ದೇಶಕರ ಬೇರುಗಳು ಈ ನೆಲದೊಂದಿಗೆ ಹೆಣೆದುಕೊಂಡಿವೆ. ಕತ್ತಲೆಯ ಹೆಸರನ್ನೇ ಹೊತ್ತ ಕಾಡುಗಳೂ ಇಲ್ಲಿಯೇ ಇವೆ. ಆದರೂ ಈ ನೆಲದ ಕಾಡು ನಾಡಿಗೆಲ್ಲ ಪರಿಚಿತವಾದದ್ದು ಒಂದು ಪ್ರೇಮಕಥೆಯ ಮೂಲಕ. ಆ ಪರಿಚಯದಿಂದ ಕಾಡಿಗೆ ಆದದ್ದೇನು ಎಂಬುದು ಸಿನಿಮಾ ಚರಿತ್ರೆಯಷ್ಟಕ್ಕೇ ಸೀಮಿತವಾದ ಪ್ರಶ್ನೆಯಲ್ಲ.

ಜೀರ್ಣೋದ್ಯಾನದ ಸುಳ್ಳು ಸಾಕ್ಷಿ

ಉದ್ಯಾನದಲ್ಲಿ ಅಪರಾಧ ನಡೆಯುವುದು ಪಾಶ್ಚಾತ್ಯರಿಂದ ಬಂದ ಕಲ್ಪನೆಯೇನೂ ಅಲ್ಲ. ಅಪಹರಿಸಿ ತಂದ ಸೀತೆಯನ್ನು ರಾವಣ ಇರಿಸಿದ್ದು ಅಶೋಕವನದಲ್ಲಿ. ಲಂಕೆಯ ಅತ್ಯಂತ ಸುಂದರವಾದ ಜಾಗವೇ ಸೆರೆಮನೆಯಾಯಿತು.

ಇನ್ನೂ ಸ್ಪಷ್ಟವಾದ ಉದಾಹರಣೆ ಶೂದ್ರಕನ ‘ಮೃಚ್ಛಕಟಿಕ’. ಉಜ್ಜಯಿನಿಯ ವಸಂತಸೇನೆ ಬಂಡಿ ಅದಲುಬದಲಾಗಿ ಪುಷ್ಪಕರಂಡಕವೆಂಬ ಹಳೆಯ ಉದ್ಯಾನಕ್ಕೆ ಬಂದಿಳಿಯುತ್ತಾಳೆ. ಅಲ್ಲಿ ಆಕೆಗೆ ಎದುರಾಗುವವನು ರಾಜನ ಭಾವಮೈದುನ ಶಕಾರ. ಅವಳು ಒಲ್ಲೆನೆಂದಾಗ ಅವನು ಕತ್ತು ಹಿಸುಕುತ್ತಾನೆ. ಸತ್ತಳೆಂದು ತಿಳಿದು ಒಣಗಿದ ಎಲೆಗಳನ್ನು ಮೇಲೆ ರಾಶಿ ಹಾಕಿ ನೇರವಾಗಿ ನ್ಯಾಯಸ್ಥಾನಕ್ಕೆ ಹೋಗುತ್ತಾನೆ. ಒಡವೆಯ ಆಸೆಗೆ ಚಾರುದತ್ತನೇ ಅವಳನ್ನು ಕೊಂದನೆಂದು ದೂರು ಕೊಡುತ್ತಾನೆ. ನ್ಯಾಯಾಧಿಕಾರಿ ಉದ್ಯಾನಕ್ಕೆ ಆಳನ್ನು ಕಳಿಸಿ ನೋಡಿಸುತ್ತಾನೆ. ಕಾಡುಪ್ರಾಣಿಗಳು ತಿಂದುಳಿಸಿದ ಹೆಂಗಸಿನ ದೇಹವೊಂದು ಅಲ್ಲಿದೆ ಎಂಬ ವರದಿ ಬರುತ್ತದೆ. ವಸಂತಸೇನೆಯ ಒಡವೆಗಳು ಚಾರುದತ್ತನ ಗೆಳೆಯನ ಬಳಿ ಸಿಗುತ್ತವೆ. ಇಷ್ಟು ಸಾಕಾಗಿ ನಿರಪರಾಧಿಗೆ ಮರಣದಂಡನೆ ವಿಧಿಸಲಾಗುತ್ತದೆ. ಎಲೆಗಳ ರಾಶಿಯ ಕೆಳಗೆ ಉಸಿರಾಡುತ್ತಿದ್ದ ವಸಂತಸೇನೆಯನ್ನು ಬೌದ್ಧ ಭಿಕ್ಷುವೊಬ್ಬ ಉಪಚರಿಸಿ ಬದುಕಿಸಿದ ಸಂಗತಿ ನ್ಯಾಯಸ್ಥಾನಕ್ಕೆ ತಿಳಿಯುವುದೇ ಇಲ್ಲ.

ಒಂದು ಒಳ್ಳೆಯ ಪತ್ತೇದಾರಿ ಚಿತ್ರಕ್ಕೆ ಬೇಕಾದ ಸಾಮಗ್ರಿಯೆಲ್ಲ ಇದರಲ್ಲಿದೆ. ಅಪರಾಧ ನಡೆದ ಸ್ಥಳ, ಪ್ರಭಾವಿ ಅಪರಾಧಿ, ತಪ್ಪಾಗಿ ಓದಿದ ಸುಳಿವು, ಸಾಂದರ್ಭಿಕ ಸಾಕ್ಷ್ಯವನ್ನು ನೆಚ್ಚಿ ಕೆಟ್ಟ ತೀರ್ಪು, ಎಲ್ಲವೂ. ಈ ನಾಟಕವನ್ನು ಆಧರಿಸಿ 1984ರಲ್ಲಿ ‘ಉತ್ಸವ್’ ಎಂಬ ಹಿಂದಿ ಚಿತ್ರ ಬಂತು. ಅದನ್ನು ನಿರ್ದೇಶಿಸಿದವರು ಶಿರಸಿಯಲ್ಲಿ ಬಾಲ್ಯ ಕಳೆದ ಗಿರೀಶ ಕಾರ್ನಾಡ. ದುಷ್ಟನ ಪಾತ್ರವನ್ನು ನಿರ್ಮಾಪಕ ಶಶಿ ಕಪೂರರೇ ವಹಿಸಿದ್ದರು. ಗೋಡೆಗೆ ಕನ್ನ ಕೊರೆಯುವುದನ್ನೇ ಒಂದು ಕಲೆಯೆಂದು ಬಗೆಯುವ ಕಳ್ಳನ ಪಾತ್ರ ಸಿಕ್ಕಿದ್ದು ಹೊನ್ನಾವರದ ಶಂಕರ್ ನಾಗ್ ಅವರಿಗೆ.

ಗಾಜಿನಮನೆಯೊಳಗಿನ ಸೆಕೆ

ಸಸ್ಯೋದ್ಯಾನವೆಂಬುದು ಸಾಮಾನ್ಯ ಹೂದೋಟಕ್ಕಿಂತ ಭಿನ್ನ. ಅದು ಗಿಡಗಳ ಸಂಗ್ರಹಾಲಯ. ಬೆಂಗಳೂರಿನ ಲಾಲ್‌ಬಾಗನ್ನೇ ನೋಡಬಹುದು. 1760ರಲ್ಲಿ ಹೈದರಾಲಿ ಆರಂಭಿಸಿ, ಟಿಪ್ಪು ಬೆಳೆಸಿದ ತೋಟ 1856ರಲ್ಲಿ ಸರ್ಕಾರಿ ಸಸ್ಯೋದ್ಯಾನವಾಯಿತು. ಅದರ 240 ಎಕರೆಯೊಳಗೆ ಹಲವು ಖಂಡಗಳ ಮರಗಳು ಒಂದೇ ಊರಿನವರಂತೆ ನಿಂತಿವೆ. ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸನ್ನು ನೆನಪಿಸುವ ಗಾಜಿನಮನೆಗೆ 1889ರ ನವೆಂಬರ್ 30ರಂದು ರಾಜಕುಮಾರ ಆಲ್ಬರ್ಟ್ ವಿಕ್ಟರ್ ಅಡಿಗಲ್ಲು ಹಾಕಿದಾಗ ಉದ್ಯಾನದ ಹೊಣೆ ಹೊತ್ತಿದ್ದವರು ಜಾನ್ ಕ್ಯಾಮೆರಾನ್.

ಸಿನಿಮಾದವರಿಗೆ ಇಂಥ ಜಾಗದಿಂದ ಬಹಳ ಅನುಕೂಲ. ಬೇಲಿಯಿದೆ, ನೀರಿದೆ, ವಾಹನ ಬರಲು ರಸ್ತೆಯಿದೆ. ಕ್ಯಾಮೆರಾವನ್ನು ನಾಲ್ಕು ಹೆಜ್ಜೆ ಸರಿಸಿದರೆ ದೇಶವೇ ಬದಲಾಗುತ್ತದೆ. ಹಾಲಿವುಡ್ಡಿಗೆ ಸಮೀಪದ ಆರ್ಕೇಡಿಯಾದಲ್ಲಿ ಲಾಸ್ ಏಂಜಲೀಸ್ ಕೌಂಟಿಯ ಸಸ್ಯೋದ್ಯಾನವಿದೆ. ಆ ಜಾಗ ಇನ್ನೂ ಸಾರ್ವಜನಿಕ ಉದ್ಯಾನವಾಗುವ ಮೊದಲೇ, 1930ರ ದಶಕದಲ್ಲಿ, ಅಲ್ಲಿನ ಕೊಳ ಮತ್ತು ಮರಗಳು ಟಾರ್ಜನ್ ಚಿತ್ರಗಳಿಗೆ ಆಫ್ರಿಕಾದ ಕಾಡಾಗಿದ್ದವು. ಆಫ್ರಿಕಾವನ್ನು ಕಾಣದ ಕೋಟ್ಯಂತರ ಜನರ ಮನಸ್ಸಿನಲ್ಲಿ ಉಳಿದದ್ದು ಕ್ಯಾಲಿಫೋರ್ನಿಯಾದ ಆ ಕೊಳವೇ.

ಅಪರಾಧ ಚಿತ್ರದವರು ಉದ್ಯಾನದಲ್ಲಿ ಹುಡುಕಿದ್ದು ಇದನ್ನಲ್ಲ. ಅವರಿಗೆ ಬೇಕಾಗಿದ್ದದ್ದು ಅದರ ಅಚ್ಚುಕಟ್ಟು. ಎಲ್ಲವೂ ಲೆಕ್ಕಕ್ಕೆ ಸರಿಯಾಗಿರುವ ಜಾಗದಲ್ಲಿ ಒಂದು ಗಿಡ ತಪ್ಪಾಗಿ ನಿಂತಿದ್ದರೆ ಕಣ್ಣಿಗೆ ಬೀಳುತ್ತದೆ. ಹಿಚ್‌ಕಾಕ್‌ನ ‘ರಿಯರ್ ವಿಂಡೋ’ (1954) ಇದಕ್ಕೆ ಒಳ್ಳೆಯ ನಿದರ್ಶನ. ಕಾಲು ಮುರಿದು ಮನೆಯಲ್ಲಿ ಕೂತ ಛಾಯಾಗ್ರಾಹಕನೊಬ್ಬ ಹಿತ್ತಿಲಿನ ಹೂವಿನ ಪಾತಿಯ ಹಳೆಯ ಚಿತ್ರವನ್ನು ಈಗಿನ ಪಾತಿಯೊಂದಿಗೆ ಹೋಲಿಸುತ್ತಾನೆ. ಎರಡು ಜಿನಿಯಾ ಗಿಡಗಳು ಎರಡು ವಾರದ ಹಿಂದೆ ಇದ್ದುದಕ್ಕಿಂತ ಗಿಡ್ಡವಾಗಿವೆ. ಗಿಡ ಬೆಳೆಯುತ್ತದೆಯೇ ಹೊರತು ಕುಗ್ಗುವುದಿಲ್ಲ. ಅಂದರೆ ಯಾರೋ ಅದನ್ನು ಕಿತ್ತು, ಮಣ್ಣು ಅಗೆದು, ಮತ್ತೆ ನೆಟ್ಟಿದ್ದಾರೆ. ಅಗೆದು ನೋಡಿದರೆ ಏನೂ ಸಿಗುವುದಿಲ್ಲ, ಏಕೆಂದರೆ ಕೊಲೆಗಾರ ಅದನ್ನು ಅಷ್ಟರಲ್ಲಿ ಬೇರೆಡೆಗೆ ಸಾಗಿಸಿದ್ದಾನೆ.

ಅದಕ್ಕೂ ಮೊದಲು ಹೋವರ್ಡ್ ಹಾಕ್ಸ್‌ನ ‘ದಿ ಬಿಗ್ ಸ್ಲೀಪ್’ (1946) ಚಿತ್ರದ ಆರಂಭದಲ್ಲೇ ಪತ್ತೇದಾರ ಮಾರ್ಲೋ ಆರ್ಕಿಡ್ ಗಿಡಗಳ ಗಾಜಿನಮನೆಯೊಳಗೆ ಕಾಲಿಡುತ್ತಾನೆ. ಹೊದಿಕೆ ಹೊದ್ದು ಕೂತ ಮುದಿ ಜನರಲ್‌ಗೆ ಬದುಕಲು ಆ ಸೆಕೆ ಬೇಕು; ಪತ್ತೇದಾರನ ಅಂಗಿಯೋ ಬೆವರಿನಿಂದ ಒದ್ದೆ. ಆ ಮನೆತನ ಒಳಗಿನಿಂದ ಕೊಳೆಯುತ್ತಿದೆ ಎಂದು ಯಾರೂ ಬಾಯಿಬಿಟ್ಟು ಹೇಳಬೇಕಾಗುವುದಿಲ್ಲ. ‘ಚೈನಾಟೌನ್’ (1974) ಚಿತ್ರದಲ್ಲಿ ಮನೆಯ ತೋಟದ ಕೊಳವೇ ಕೊಲೆಯ ಸುಳಿವನ್ನು ಬಚ್ಚಿಟ್ಟುಕೊಂಡಿದೆ. ಆ ಕೊಳದ ನೀರು ಉಪ್ಪೆಂದು ತೋಟದ ಮಾಲಿಗೆ ಗೊತ್ತಿದ್ದರೂ ಪತ್ತೇದಾರನಿಗೆ ಅದರ ಅರ್ಥ ಹೊಳೆಯುವುದು ತಡವಾಗಿ.

‘ವರ್ಟಿಗೊ’ (1958) ಚಿತ್ರದಲ್ಲಿ ಹಿಚ್‌ಕಾಕ್ ಕ್ಯಾಲಿಫೋರ್ನಿಯಾದ ರೆಡ್‌ವುಡ್ ಕಾಡಿಗೇ ಹೋದ. ಕಡಿದಿಟ್ಟ ದೈತ್ಯ ಮರದ ಅಡ್ಡಹಾಯ್ದ ತುಂಡಿನ ಮೇಲೆ ಚರಿತ್ರೆಯ ಘಟನೆಗಳ ವರ್ಷಗಳನ್ನು ಗುರುತು ಮಾಡಲಾಗಿದೆ. ನಾಯಕಿ ಅದರ ಉಂಗುರಗಳ ನಡುವೆ ಬೆರಳಿಟ್ಟು ತಾನು ಹುಟ್ಟಿದ್ದು ಇಲ್ಲಿ, ಸತ್ತದ್ದು ಇಲ್ಲಿ ಎಂದು ತೋರಿಸುತ್ತಾಳೆ. ಮುಂದೆ ನಡೆಯಲಿರುವ ಮೋಸಕ್ಕೆ ಸಾವಿರಾರು ವರ್ಷ ಬಾಳಿದ ಮರವನ್ನು ಸಾಕ್ಷಿಯಾಗಿ ಎಳೆದು ತಂದ ದೃಶ್ಯವದು. ಆಂಟೋನಿಯೋನಿಯ ‘ಬ್ಲೋ-ಅಪ್’ (1966) ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಲಂಡನ್ನಿನ ಮೇರಿಯನ್ ಪಾರ್ಕಿನಲ್ಲಿ ತೆಗೆದ ಚಿತ್ರವನ್ನು ಹಿಗ್ಗಿಸುತ್ತ ಹೋದಂತೆ ಪೊದೆಯ ಹಿಂದೆ ಪಿಸ್ತೂಲು, ಹುಲ್ಲಿನ ಮೇಲೆ ಶವ ಇರುವಂತೆ ತೋರುತ್ತದೆ. ಇನ್ನಷ್ಟು ಹಿಗ್ಗಿಸಿದರೆ ಬರೀ ಚುಕ್ಕೆಗಳು. ಶಕಾರನ ಉದ್ಯಾನದಲ್ಲಿ ಕಂಡ ದೇಹದಂತೆಯೇ ಇಲ್ಲಿಯೂ ಕಣ್ಣಿಗೆ ಬಿದ್ದದ್ದು ಸತ್ಯವೇ ಎಂಬ ಅನುಮಾನ ಉಳಿಯುತ್ತದೆ.

ಗಿಡಮರಗಳ ಸಾಕ್ಷ್ಯ ಸಿನಿಮಾದವರು ಕಟ್ಟಿದ ಕಲ್ಪನೆಯೂ ಅಲ್ಲ. 1932ರಲ್ಲಿ ಅಮೆರಿಕದ ವಿಮಾನಯಾನಿ ಲಿಂಡ್‌ಬರ್ಗ್ ಅವರ ಮಗುವಿನ ಅಪಹರಣವಾದಾಗ ಸ್ಥಳದಲ್ಲಿ ಸಿಕ್ಕಿದ್ದು ಒಂದು ಮರದ ಏಣಿ. ಆರ್ಥರ್ ಕೋಲರ್ ಎಂಬ ಮರದ ತಜ್ಞ ಆ ಹಲಗೆಗಳ ಮೇಲಿನ ಯಂತ್ರದ ಗೀರುಗಳನ್ನೂ, ಬೆಳವಣಿಗೆಯ ಉಂಗುರಗಳನ್ನೂ ಬೆನ್ನಟ್ಟಿದ. ಏಣಿಯ ಒಂದು ಪಟ್ಟಿ ಆರೋಪಿಯ ಅಟ್ಟದ ಹಲಗೆಯಿಂದಲೇ ಬಂದದ್ದೆಂದು 1935ರಲ್ಲಿ ನ್ಯಾಯಾಲಯದ ಮುಂದೆ ಹೇಳಿದ.

ಭಾರತದಲ್ಲಿ ಈ ಜಾಡು ಹಿಡಿದ ಚಿತ್ರವೆಂದರೆ ಸತ್ಯಜಿತ್ ರಾಯ್ ಅವರ ‘ಚಿಡಿಯಾಖಾನಾ’ (1967). ಶರದಿಂದು ಬಂದ್ಯೋಪಾಧ್ಯಾಯರ ಕಾದಂಬರಿಯನ್ನು ಆಧರಿಸಿದ ಅದರ ಕಥೆ ನಡೆಯುವುದು ‘ಗೋಲಾಪ್ ಕಾಲನಿ’ ಎಂಬ ಹೂಗಿಡಗಳ ನರ್ಸರಿಯಲ್ಲಿ. ನಿವೃತ್ತ ನ್ಯಾಯಾಧೀಶರೊಬ್ಬರು ಸಮಾಜ ಹೊರಗಿಟ್ಟ ಜನರನ್ನು ಅಲ್ಲಿ ನೆಲೆಗೊಳಿಸಿದ್ದಾರೆ. ಪತ್ತೇದಾರ ಬ್ಯೋಮಕೇಶ ಜಪಾನಿನ ತೋಟಗಾರಿಕೆ ತಜ್ಞನ ವೇಷದಲ್ಲಿ ಒಳಹೊಗುತ್ತಾನೆ. ರಾಯ್‌ಗೆ ಆ ವರ್ಷದ ಶ್ರೇಷ್ಠ ನಿರ್ದೇಶಕ ರಾಷ್ಟ್ರಪ್ರಶಸ್ತಿ ಬಂದದ್ದು ಈ ಚಿತ್ರಕ್ಕೇ.

ಶಿರಾಲಿಯ ನಂಟು, ಹೊನ್ನಾವರದ ನಂಟು

1946ರಲ್ಲಿ ಫ್ರೆಂಚ್ ವಿಮರ್ಶಕ ನೀನೋ ಫ್ರಾಂಕ್ ಹಾಲಿವುಡ್ಡಿನ ಕೆಲವು ಅಪರಾಧ ಚಿತ್ರಗಳನ್ನು ‘ಫಿಲ್ಮ್ ನ್ವಾರ್’, ಅಂದರೆ ಕಪ್ಪು ಚಿತ್ರ ಎಂದು ಕರೆದ. ನೆರಳು ಬೆಳಕಿನ ಆಟ, ರಾತ್ರಿಯ ಬೀದಿ, ನಂಬಲಾಗದ ಸುಂದರಿ, ತಪ್ಪು ದಾರಿ ಹಿಡಿದ ನಾಯಕ ಇವುಗಳ ಲಕ್ಷಣಗಳು. ಐದು ವರ್ಷಗಳಲ್ಲಿ ಆ ನೆರಳು ಮುಂಬಯಿಗೆ ಬಂತು. ತಂದವರಲ್ಲಿ ಪ್ರಮುಖರು ಗುರುದತ್ ಪಡುಕೋಣೆ. 1925ರ ಜುಲೈ 9ರಂದು ಬೆಂಗಳೂರಿನಲ್ಲಿ ಹುಟ್ಟಿದ ಅವರು ಚಿತ್ರಾಪುರ ಸಾರಸ್ವತ ಸಮುದಾಯದವರು. ಆ ಸಮುದಾಯದ ಗುರುಪೀಠವಾದ ಚಿತ್ರಾಪುರ ಮಠ ಇರುವುದು ಭಟ್ಕಳ ತಾಲೂಕಿನ ಶಿರಾಲಿಯಲ್ಲಿ.

ಅವರ ಮೊದಲ ಚಿತ್ರ ‘ಬಾಜಿ’ (1951) ಜೂಜುಕೋರನ ಕಥೆ. ಮರುವರ್ಷದ ‘ಜಾಲ್’ ಕಡಲತೀರದ ಮೀನುಗಾರರ ಹಳ್ಳಿಯೊಂದಕ್ಕೆ ಬರುವ ಚಿನ್ನದ ಕಳ್ಳಸಾಗಣೆಗಾರನ ಕಥೆ. ಮೈಸೂರಿನ ವಿ.ಕೆ. ಮೂರ್ತಿ ಗುರುದತ್ ಅವರ ಛಾಯಾಗ್ರಾಹಕರಾದದ್ದು ಆ ಚಿತ್ರದಿಂದ. ಛಾಯಾಗ್ರಾಹಕರೊಬ್ಬರಿಗೆ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಮೊದಲ ಸಲ ಸಂದದ್ದು ಮೂರ್ತಿಯವರಿಗೇ, 2008ನೇ ಸಾಲಿನಲ್ಲಿ. ‘ಆರ್ ಪಾರ್’ (1954), ಗುರುದತ್ ನಿರ್ಮಿಸಿ ರಾಜ್ ಖೋಸ್ಲಾ ನಿರ್ದೇಶಿಸಿದ ‘ಸಿ.ಐ.ಡಿ.’ (1956) ಇದೇ ಸಾಲಿನವು.

ಕನ್ನಡದಲ್ಲಿ ಆ ಕೆಲಸವನ್ನು ಬೇರೆ ರೀತಿಯಲ್ಲಿ ಮಾಡಿದವರು ಶಂಕರ್ ನಾಗ್. ಅವರು ನಿರ್ದೇಶಿಸಿದ ಮೊದಲ ಚಿತ್ರ ‘ಮಿಂಚಿನ ಓಟ’ (1980) ಕಾರು ಕಳ್ಳರ, ಸೆರೆಮನೆಯಿಂದ ತಪ್ಪಿಸಿಕೊಳ್ಳುವವರ ಕಥೆ. ಅಣ್ಣ ಅನಂತ್ ನಾಗ್ ಜೊತೆಗೆ ಅವರೂ ಅದರಲ್ಲಿ ನಟಿಸಿದರು. ‘ಆ್ಯಕ್ಸಿಡೆಂಟ್’ (1985) ಚಿತ್ರದಲ್ಲಿ ಪ್ರಭಾವಿ ರಾಜಕಾರಣಿಯ ಮಗನ ಕಾರು ಫುಟ್‌ಪಾತಿನಲ್ಲಿ ಮಲಗಿದ್ದ ಬಡವರ ಮೇಲೆ ಹರಿಯುತ್ತದೆ. ಅಧಿಕಾರದ ಬಲದಿಂದ ಅಪರಾಧವನ್ನು ಮುಚ್ಚುವ ಆ ಕಥೆಯಲ್ಲಿ ಶಕಾರನ ವಂಶದವರನ್ನು ಗುರುತಿಸುವುದು ಕಷ್ಟವಲ್ಲ.

ಆದರೆ ಈ ಯಾವುದರಲ್ಲಿಯೂ ಉದ್ಯಾನಕ್ಕೆ ಮುಖ್ಯ ಪಾತ್ರ ಸಿಗಲಿಲ್ಲ. ದೊರೈ–ಭಗವಾನ್ ಅವರ ‘ಜೇಡರ ಬಲೆ’ (1968) ರಾಜ್‌ಕುಮಾರ್ ಅವರನ್ನು ಸಿಐಡಿ 999 ಆಗಿ ತಂದಾಗಲೂ, ಅದೇ ವರ್ಷ ಅವನು ಗೋವೆಗೆ ಹೋದಾಗಲೂ ಅಪರಾಧದ ಜಾಗ ಅಡಗುದಾಣ, ಹೋಟೆಲು, ಪ್ರಯೋಗಾಲಯ. ಕಾರಣ ಊಹಿಸಬಹುದು. ಹೂವು ಚೆನ್ನಾಗಿ ಕಾಣಲು ಹಗಲಿನ ಬೆಳಕೂ, ಬಣ್ಣದ ಫಿಲ್ಮೂ ಬೇಕು. ಅಪರಾಧ ಚಿತ್ರ ಬೆಳೆದದ್ದು ಕಪ್ಪು ಬಿಳುಪಿನಲ್ಲಿ, ಸ್ಟುಡಿಯೋದ ಕೃತಕ ರಾತ್ರಿಯಲ್ಲಿ. ಕನ್ನಡ ಚಿತ್ರಗಳಿಗೆ ಬಣ್ಣ ಬಂದಾಗ ಲಾಲ್‌ಬಾಗ್, ಬೃಂದಾವನಗಳು ಹಾಡಿನ ಪಾಲಾದವು.

ಮರವೇ ಮಾಲು

ಹಾಗೆಂದು ಕನ್ನಡದ ಅಪರಾಧ ಚಿತ್ರ ಸಸ್ಯಲೋಕವನ್ನು ಮರೆಯಿತೆನ್ನಲಾಗದು. ಅದು ಮರವನ್ನು ಸಾಕ್ಷಿಯಾಗಿ ಕರೆಯುವ ಬದಲು ಕಳವಿನ ಮಾಲಾಗಿ ತೋರಿಸಿತು. ಶ್ರೀಗಂಧವನ್ನು ರಾಜವೃಕ್ಷವೆಂದು ಟಿಪ್ಪು 1792ರಲ್ಲಿ ಘೋಷಿಸಿದ ಬಳಿಕ ಬಹುಕಾಲ ರೈತನ ಹಿತ್ತಿಲಲ್ಲಿ ಬೆಳೆದ ಗಂಧದ ಮರವೂ ಸರ್ಕಾರದ್ದೇ ಆಗಿತ್ತು. 2001ರ ತಿದ್ದುಪಡಿಯ ನಂತರವಷ್ಟೇ ಬೆಳೆದವನಿಗೆ ಒಡೆತನ ದೊರೆಯಿತು. ತನ್ನದಲ್ಲದ ಮರವನ್ನು ಕಾಯುವ ಉತ್ಸಾಹ ಯಾರಿಗಿರುತ್ತದೆ? ಕಳ್ಳನಿಗೆ ಅದೇ ಬೇಕಾಗಿತ್ತು.

ವಿಜಯ್ ನಿರ್ದೇಶನದ ‘ಗಂಧದ ಗುಡಿ’ (1973) ಚಿತ್ರದಲ್ಲಿ ರಾಜ್‌ಕುಮಾರ್ ಕಾಡುಗಳ್ಳರ ವಿರುದ್ಧ ನಿಲ್ಲುವ ಅರಣ್ಯಾಧಿಕಾರಿ. ಆ ಕಥೆ ನಿಜಜೀವನದಲ್ಲಿ ತಿರುವುಮುರುವಾಯಿತು. 2000ನೇ ಇಸವಿಯ ಜುಲೈ 30ರ ರಾತ್ರಿ ಗಂಧದ ಕಳ್ಳಸಾಗಣೆಗಾರ ವೀರಪ್ಪನ್ ಗಾಜನೂರಿನ ಮನೆಯಿಂದ ಅದೇ ರಾಜ್‌ಕುಮಾರ್ ಅವರನ್ನು ಅಪಹರಿಸಿದ. ಅವರು 108 ದಿನ ಕಾಡಿನಲ್ಲಿದ್ದರು. ತೆರೆಯ ಮೇಲೆ ಎರಡೂವರೆ ಗಂಟೆಯಲ್ಲಿ ಮುಗಿದಿದ್ದ ಹೋರಾಟ ಎರಡು ರಾಜ್ಯಗಳನ್ನು ತಿಂಗಳುಗಟ್ಟಲೆ ತಲ್ಲಣಗೊಳಿಸಿತು. ಸಸ್ಯೋದ್ಯಾನಗಳೂ ಈ ಕಳ್ಳರಿಂದ ಪಾರಾಗಿಲ್ಲ. ಲಾಲ್‌ಬಾಗ್ ಮತ್ತು ಕಬ್ಬನ್ ಉದ್ಯಾನದಿಂದ ರಾತ್ರೋರಾತ್ರಿ ಗಂಧದ ಮರ ಕಡಿದೊಯ್ದ ಸುದ್ದಿ ಬೆಂಗಳೂರಿನ ಪತ್ರಿಕೆಗಳಲ್ಲಿ ಹಲವು ಸಲ ಬಂದಿದೆ. ಹಾಡಿನ ಜಾಗದಲ್ಲಿ ನಿಜವಾದ ಅಪರಾಧ ನಡೆದಾಗ ಅಲ್ಲಿ ಕ್ಯಾಮೆರಾ ಇರಲಿಲ್ಲ.

ಕರಿಕಾನು, ಕತ್ತಲೆಕಾನು

ಉತ್ತರ ಕನ್ನಡದಲ್ಲಿ ‘ಕಾನು’ ಎಂದರೆ ಬಿಸಿಲು ನೆಲ ಮುಟ್ಟದಷ್ಟು ದಟ್ಟವಾದ ನಿತ್ಯಹಸಿರು ಕಾಡು. ಹೊನ್ನಾವರ ತಾಲೂಕಿನ ನೀಲಕೋಡು ಸಮೀಪದ ಗುಡ್ಡದ ಮೇಲಿನ ದೇವಿಗೆ ಕರಿಕಾನ ಪರಮೇಶ್ವರಿಯೆಂದು ಹೆಸರು. ಜನರ ಬಾಯಲ್ಲಿ ಅವಳು ಕರಿಕಾನಮ್ಮ, ಕಪ್ಪು ಕಾಡಿನ ತಾಯಿ. ಹೊನ್ನಾವರದಿಂದ ಗೇರುಸೊಪ್ಪೆ ದಾಟಿ ಘಟ್ಟ ಹತ್ತುವಾಗ, ಸಿದ್ದಾಪುರ ತಾಲೂಕಿನ ಎಲ್ಲೆಯಲ್ಲಿ ಸಿಗುವುದು ಕತ್ತಲೆಕಾನು. ಪ್ಯಾರಿಸ್ಸಿನ ವಿಮರ್ಶಕ ‘ಕಪ್ಪು ಚಿತ್ರ’ ಎಂಬ ಪದ ಹುಡುಕುವುದಕ್ಕೆ ಎಷ್ಟೋ ಕಾಲ ಮೊದಲೇ ಇಲ್ಲಿಯ ಜನ ಕತ್ತಲೆಗೆ ಹೀಗೆ ಹೆಸರಿಟ್ಟು ಅದರೊಂದಿಗೆ ಬಾಳಿದ್ದರು.

ಯಾರೂ ನೆಡದ ಸಸ್ಯೋದ್ಯಾನಗಳಿವು. ಕರಿಕಾನಿನಲ್ಲಿ ಡಿಪ್ಟೆರೋಕಾರ್ಪಸ್ ಜಾತಿಯ ಭಾರಿ ಮರಗಳಿವೆ. ಕತ್ತಲೆಕಾನಿನಲ್ಲಿ ರಾಮಪತ್ರೆ ಕುಟುಂಬದ ಮರಗಳು ಸದಾ ನೀರು ಜಿನುಗುವ ಜೌಗಿನಲ್ಲಿ ಬೇರುಗಳನ್ನು ಮಂಡಿಯಂತೆ ಮೇಲಕ್ಕೆ ಮಡಚಿ ನಿಂತಿವೆ. ಇದೇ ಊರಿನ ಹೆಸರು ಹೊತ್ತ ‘ಸೆಮೆಕಾರ್ಪಸ್ ಕತ್ತಲೆಕಾನೆನ್ಸಿಸ್’ ಎಂಬ ಮರದ ಪ್ರಭೇದವನ್ನು ವಿಜ್ಞಾನಿಗಳು ಗುರುತಿಸಿ ಹೆಸರಿಟ್ಟದ್ದು 2000ನೇ ಇಸವಿಯಲ್ಲಿ. ಕುಮಟಾದ ಡಾ. ಎ.ವಿ. ಬಾಳಿಗಾ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸಿದ ಎಂ.ಡಿ. ಸುಭಾಷ್ ಚಂದ್ರನ್, ಪರಿಸರ ವಿಜ್ಞಾನಿ ಮಾಧವ ಗಾಡ್ಗೀಳ್ ಮೊದಲಾದವರು ಕಾನುಗಳ ಚರಿತ್ರೆಯನ್ನು ದಾಖಲಿಸಿದ್ದಾರೆ. ಊರಿನವರು ಕಾನಿನಿಂದ ಕಾಳುಮೆಣಸು, ಉಪ್ಪಾಗೆ, ಜೇನು ತರುತ್ತಿದ್ದರು; ಮರಕ್ಕೆ ಕೊಡಲಿ ಹಾಕುತ್ತಿರಲಿಲ್ಲ. ದೇವರ ಭಯವೂ, ಕಾನು ಬತ್ತಿದರೆ ತೋಟದ ನೀರೂ ಬತ್ತುತ್ತದೆ ಎಂಬ ಅನುಭವವೂ ಅದನ್ನು ಕಾಯುತ್ತಿದ್ದವು.

1862ರಲ್ಲಿ ಜಿಲ್ಲೆ ಮುಂಬಯಿ ಪ್ರಾಂತ್ಯಕ್ಕೆ ಸೇರಿದ ಮೇಲೆ ಕಾಡು ಹಂತ ಹಂತವಾಗಿ ಸರ್ಕಾರದ ಆಸ್ತಿಯಾಯಿತು. ಸ್ವಾತಂತ್ರ್ಯಾನಂತರ ಪ್ಲೈವುಡ್ ಕಾರ್ಖಾನೆಗಳಿಗೆ ನಿತ್ಯಹಸಿರಿನ ಮರಗಳು ಹೋದವು. ಅದು ಕಾನೂನುಬದ್ಧವಾಗಿ, ಹಗಲಿನಲ್ಲಿ, ರಸೀದಿಯೊಂದಿಗೆ ನಡೆಯಿತು. ಆದ್ದರಿಂದ ಅದನ್ನು ಅಪರಾಧವೆಂದು ಯಾರೂ ಕರೆಯಲಿಲ್ಲ. 1983ರ ಸೆಪ್ಟೆಂಬರಿನಲ್ಲಿ ಶಿರಸಿ ತಾಲೂಕಿನ ಸಾಲ್ಕಣಿಯ ಜನ ಮರಗಳನ್ನು ಅಪ್ಪಿ ನಿಂತಾಗ ಮೊದಲ ಬಾರಿಗೆ ಆ ಪ್ರಶ್ನೆ ಎದ್ದಿತು.

ಯಾಣದ ಮೋಹಿನಿ

ಅಪರಾಧ ಚಿತ್ರಕ್ಕೆ ಹೇಳಿ ಮಾಡಿಸಿದಂತಹ ಇನ್ನೊಂದು ಜಾಗ ಕುಮಟಾ ತಾಲೂಕಿನ ಯಾಣ. ಕಾಡಿನ ನಡುವೆ ಕಪ್ಪು ಸುಣ್ಣಕಲ್ಲಿನ ಎರಡು ದೈತ್ಯ ಶಿಖರಗಳಿವೆ. ಸುಮಾರು 120 ಮೀಟರ್ ಎತ್ತರದ್ದು ಭೈರವೇಶ್ವರ, 90 ಮೀಟರಿನದು ಮೋಹಿನಿ. ಮುಟ್ಟಿದವರನ್ನು ಸುಡುವ ವರ ಪಡೆದ ಭಸ್ಮಾಸುರ ಶಿವನನ್ನೇ ಅಟ್ಟಿಸಿಕೊಂಡು ಬಂದನಂತೆ. ಮೋಹಿನಿಯ ರೂಪದ ವಿಷ್ಣು ಅವನನ್ನು ಕುಣಿಸಿ, ಅವನ ಕೈಯನ್ನು ಅವನದೇ ತಲೆಯ ಮೇಲೆ ಇಡಿಸಿದನಂತೆ. ಇಲ್ಲಿನ ಕಲ್ಲೂ ಮಣ್ಣೂ ಕಪ್ಪಾಗಿರುವುದು ಆ ಬೂದಿಯಿಂದ ಎನ್ನುತ್ತಾರೆ. ತನ್ನ ಚೆಲುವಿನಿಂದ ಗಂಡಸನ್ನು ನಾಶದತ್ತ ಕರೆದೊಯ್ಯುವ ಹೆಣ್ಣನ್ನು ಹಾಲಿವುಡ್ಡಿನ ಕಪ್ಪು ಚಿತ್ರಗಳು ಮತ್ತೆ ಮತ್ತೆ ತೋರಿಸಿದವು. ಹೊನ್ನಾವರದ ಪ್ರೇಕ್ಷಕರು ಅವಳನ್ನು ಯಕ್ಷಗಾನದ ರಂಗಸ್ಥಳದಲ್ಲಿ ರಾತ್ರಿಯಿಡೀ ನೋಡಿದವರು. 2012ರಲ್ಲಿ ಪದ್ಮಶ್ರೀ ಪಡೆದ ಅದೇ ತಾಲೂಕಿನ ಚಿಟ್ಟಾಣಿ ರಾಮಚಂದ್ರ ಹೆಗಡೆಯವರು ಮನೆಮಾತಾದದ್ದೇ ಭಸ್ಮಾಸುರ, ಕೀಚಕರಂಥ ಪಾತ್ರಗಳಿಂದ.

ಈ ಯಾಣಕ್ಕೆ ಕ್ಯಾಮೆರಾ ತಂದವರು ಪತ್ತೇದಾರಿ ಚಿತ್ರಗಳಲ್ಲಿ ಪಳಗಿದ ಸುನೀಲ್‌ಕುಮಾರ್ ದೇಸಾಯಿ. ಶಂಕರ್ ನಾಗ್ ನಟಿಸಿದ, ಹಾಡುಗಳಿಲ್ಲದ ‘ತರ್ಕ’ (1989) ಅವರ ಮೊದಲ ಚಿತ್ರ. ‘ಉತ್ಕರ್ಷ’ (1990) ಅದರ ಬೆನ್ನಿಗೇ ಬಂತು. ಮಣಿಪಾಲದ ಬಹುಮಹಡಿ ಕಟ್ಟಡದಲ್ಲಿ ಚಿತ್ರಿಸಿದ ಬ್ಯಾಂಕ್ ದರೋಡೆಯ ‘ನಿಷ್ಕರ್ಷ’ವೂ ಅವರದೇ. ಅಂಥವರು 1996ರಲ್ಲಿ ಯಾಣದ ಕಪ್ಪು ಬಂಡೆಗಳ ಮುಂದೆ ಚಿತ್ರಿಸಿದ್ದು ‘ನಮ್ಮೂರ ಮಂದಾರ ಹೂವೆ’ ಎಂಬ ಪ್ರೇಮಕಥೆಯನ್ನು. ಇಳಯರಾಜಾ ಅವರ ಸಂಗೀತದೊಂದಿಗೆ ಅದು ನಾಡಿನ ತುಂಬ ಓಡಿತು. ಕೊಲೆಗೆ ಒಗ್ಗುವಂತಿದ್ದ ಜಾಗವೂ ಕೊನೆಗೆ ಲಾಲ್‌ಬಾಗಿನಂತೆ ಹಾಡಿನ ಜಾಗವೇ ಆಯಿತು.

ಸೊಕ್ಕಿದ್ದವ ಯಾಣಕ್ಕೆ, ರೊಕ್ಕಿದ್ದವ ಗೋಕರ್ಣಕ್ಕೆ ಎಂಬುದು ಆ ಕಡೆಯ ಹಳೆಯ ಗಾದೆ. ದುರ್ಗಮವಾದ ಕಾಡುದಾರಿಯಲ್ಲಿ ನಡೆದು ಹೋಗಲು ಮೈಯಲ್ಲಿ ಕಸುವಿರಬೇಕಿತ್ತು. ಶಿವರಾತ್ರಿಯ ಜಾತ್ರೆ ಬಿಟ್ಟರೆ ಜನ ವಿರಳ. ಚಿತ್ರ ಬಂದ ಮೇಲೆ ಗಾದೆ ಸುಳ್ಳಾಯಿತು. ರಸ್ತೆ ಬಂತು, ಈಗ ವಾಹನ ಇಳಿದು ಸ್ವಲ್ಪ ದೂರ ನಡೆದರೆ ಶಿಖರದ ಬುಡ ಸಿಗುತ್ತದೆ. ರಜೆಯ ದಿನಗಳಲ್ಲಿ ವಾಹನಗಳ ಸಾಲು ನಿಲ್ಲುತ್ತದೆ. ಸುತ್ತಲಿನವರಿಗೆ ಅದರಿಂದ ನಾಲ್ಕು ಕಾಸು ಸಿಕ್ಕಿದ್ದೂ ನಿಜ. ಅದನ್ನು ಅಲ್ಲಗಳೆಯುವುದು ಊರಿನವರಿಗೆ ಮಾಡುವ ಅನ್ಯಾಯ. ಆದರೆ ಗಲಾಟೆ, ಕಸ, ಕಾಡಿನ ಅಂಚನ್ನು ಸವೆಸುವ ಕಾಲುದಾರಿಗಳು ಕೂಡ ಅದೇ ರಸ್ತೆಯಲ್ಲಿ ಬಂದವು.

ಸಸ್ಯೋದ್ಯಾನಕ್ಕೆ ಗೋಡೆಯಿದೆ, ಕಾವಲುಗಾರನಿದ್ದಾನೆ, ಸಂಜೆ ಬಾಗಿಲು ಹಾಕುವ ವೇಳೆಯಿದೆ. ದಿನಕ್ಕೆ ನಾಲ್ಕು ಚಿತ್ರತಂಡ ಬಂದು ಹೋದರೂ ಮರುದಿನ ಮಾಲಿ ಪಾತಿಯನ್ನು ಸರಿಪಡಿಸುತ್ತಾನೆ. ಕಾನಿಗೆ ಇದ್ದ ಬೇಲಿ ಅದರ ಕತ್ತಲೆ, ದಾರಿಯ ಕಷ್ಟ ಮತ್ತು ದೇವರ ಭಯ. ಕ್ಯಾಮೆರಾ ಯಾವ ಮರವನ್ನೂ ಕಡಿಯುವುದಿಲ್ಲ. ಅದು ಮಾಡುವುದಿಷ್ಟೇ: ಭಯದ ಜಾಗವನ್ನು ಚೆಂದದ ಜಾಗವಾಗಿ ಬದಲಿಸುತ್ತದೆ. ಆ ಬದಲಾವಣೆಯೊಂದಿಗೆ ಕಾನು ತನ್ನ ಬೇಲಿಯನ್ನು ಕಳೆದುಕೊಳ್ಳುತ್ತದೆ. ಅದರ ಜಾಗದಲ್ಲಿ ಹೊಸ ಬೇಲಿ ಕಟ್ಟುವ ಹೊಣೆ ಚಿತ್ರ ನೋಡಿ ಬಂದವರಿಗೆ, ರಸ್ತೆ ಮಾಡಿಸಿದವರಿಗೆ ಸೇರಿದ್ದು. ಈ ಹೊಣೆಯನ್ನು ಎಷ್ಟರ ಮಟ್ಟಿಗೆ ಹೊತ್ತಿದ್ದಾರೆ ಎಂಬುದು ಯಾಣಕ್ಕೆ ಹೋದ ಯಾರ ಕಣ್ಣಿಗೂ ಕಾಣುತ್ತದೆ.

‘ವರ್ಟಿಗೊ’ ಚಿತ್ರದ ಮರ ತನ್ನ ಉಂಗುರಗಳಲ್ಲಿ ವರ್ಷಗಳ ಲೆಕ್ಕವನ್ನು ಬರೆದಿಟ್ಟಿತ್ತು. ಅಲ್ಲಿನ ಹವೆಯ ಏರಿಳಿತಕ್ಕೆ ಮರದ ಬೆಳವಣಿಗೆ ನಿಂತು, ಮತ್ತೆ ಚಿಗುರಿ, ಗೆರೆ ಮೂಡುತ್ತದೆ. ಕರಿಕಾನು, ಕತ್ತಲೆಕಾನುಗಳ ನಿತ್ಯಹಸಿರು ಮರಗಳು ಹೆಚ್ಚುಕಡಿಮೆ ವರ್ಷವಿಡೀ ಬೆಳೆಯುವಂಥವು. ಅವುಗಳಲ್ಲಿ ಹಲವು ಮರಗಳ ಉಂಗುರ ಅಷ್ಟು ಸ್ಪಷ್ಟವಾಗಿ ಮೂಡುವುದಿಲ್ಲ. ಇಂಥ ಮರ ಉರುಳಿದರೆ ಅದು ಎಷ್ಟು ವರ್ಷ ಬದುಕಿತ್ತೆಂದು ಬುಡ ನೋಡಿ ಹೇಳುವುದು ಸುಲಭವಲ್ಲ. ಅದರ ಪರವಾಗಿ ಸಾಕ್ಷಿ ಹೇಳಬೇಕಾದವರು ಅದನ್ನು ನಿಂತಿದ್ದಾಗ ನೋಡಿದ ಜನರೇ.